ಬೆನ್ನ ಹಿಂದಿನ ಮುಷ್ಟಿ

ಟೈಲರಮ್ಮನ ಮಗಳು ಹನ್ನೆರಡು ವರ್ಷ ಬ್ಯಾಡ್ಮಿಂಟನ್ ಡಬಲ್ಸ್ ಆಡಿ, ಏಳು ಸಲ ದೇಶಕ್ಕೇ ಚಾಂಪಿಯನ್ ಆದವಳು. ಆದರೆ ಪೇಪರಿನ ಫೋಟೊದಲ್ಲಿ ಹಾರಿ ಹೊಡೆಯುವವಳು ಯಾವಾಗಲೂ ಅವಳ ಜೊತೆಗಾತಿ. ಆಕೆಯನ್ನು ಜನ ಕರೆಯುತ್ತಿದ್ದುದೇ ಸಿಡಿಲು ಅಂತ. ಮಗಳು ಮುಂದೆ, ನೆಟ್ಟಿನ ಹತ್ತಿರ ಬಗ್ಗಿ ನಿಂತಿರುತ್ತಿದ್ದಳು. ಫೋಟೊದಲ್ಲಿ ಅರ್ಧ ಭುಜ ಬಂದರೆ ಅದೇ ದೊಡ್ಡದು.

“ಹೊಡೆಯೋದೆಲ್ಲ ಆ ಹುಡುಗಿ. ನಿಮ್ಮೋಳು ಪುಣ್ಯವಂತೆ ಬಿಡಿ, ಸುಮ್ನೆ ಮುಂದೆ ನಿಂತು ಕಪ್ ತರ್ತಾಳೆ.” ಅಳತೆ ಕೊಡಲು ಬಂದ ಒಬ್ಬಾಕೆ ಹೀಗಂದಾಗ ಟೈಲರಮ್ಮನ ಮೈಯೆಲ್ಲ ಉರಿದಿತ್ತು. ಉರಿದದ್ದೇನೋ ಸರಿ, ಆದರೆ ಅದು ಸುಳ್ಳು ಅನ್ನಲು ಆಟ ಗೊತ್ತಿರಬೇಕಲ್ಲ. ಮ್ಯಾಚ್ ಇದ್ದಾಗಲೆಲ್ಲ ಎದೆ ಡವಗುಟ್ಟುತ್ತದೆಂದು ಟಿವಿಗೆ ಬೆನ್ನು ಹಾಕಿ ಹೊಲಿಯುವವಳಿಗೆ ಆಟದ ತಲೆಬುಡ ಹೇಗೆ ಗೊತ್ತಾಗಬೇಕು? ಊರ ಮುಂದೆ ಜಂಬ ಕೊಚ್ಚಿದರೂ ಒಳಗೊಳಗೇ ಅವಳಿಗೂ ಅನುಮಾನವಿತ್ತು. ನಮ್ಮವಳು ಇನ್ನೊಬ್ಬಳ ನೆರಳಲ್ಲಿ ಗೆದ್ದಳೋ ಏನೋ.

ಮೂವತ್ತಮೂರಕ್ಕೆ ಮಗಳ ಮೊಣಕಾಲು ಕೈಕೊಟ್ಟಿತು. ಈ ಫೈನಲ್ಲೇ ಕೊನೆಯ ಆಟ ಎಂದಳು. ಇವತ್ತು ನೋಡದಿದ್ದರೆ ಅನುಮಾನ ಹೊತ್ತುಕೊಂಡೇ ಸಾಯಬೇಕಾದೀತೆಂದು ಟೈಲರಮ್ಮ ಅಂಗಡಿಗೆ ಬೀಗ ಜಡಿದು ಬಂದಳು.

ಅವಳು ಕೂತದ್ದು ಕೋರ್ಟಿನ ಹಿಂಬದಿಯ ಮೊದಲ ಸಾಲಿನಲ್ಲಿ. ಕೊನೆಯ ಗೇಮಿನ ಅರ್ಧದಲ್ಲಿ ಮಗಳು ಈ ಬದಿಗೆ ಬಂದಾಗ ಕಂಡದ್ದು ಬರೀ ಬೆನ್ನು. ಸರ್ವ್ ಮಾಡುವ ಮೊದಲು ಮಗಳು ಎಡಗೈಯನ್ನು ಬೆನ್ನ ಹಿಂದೆ ತಂದು ಬೆರಳು ತೋರಿಸುತ್ತಿದ್ದಳು. ಒಂದು ಬೆರಳಾದರೆ ಶಟಲ್ ನೆಟ್ಟು ಸವರಿಕೊಂಡು ನಡುಗೆರೆಗೆ ಹೋಗುತ್ತಿತ್ತು, ಎರಡಾದರೆ ಹೊರಗೆರೆಗೆ. ಅದನ್ನು ನೋಡಿಕೊಂಡೇ ಸಿಡಿಲು ಎಡಕ್ಕೋ ಬಲಕ್ಕೋ ಸರಿಯುತ್ತಿದ್ದಳು. ಎದುರಿನವರು ಎತ್ತಿಕೊಟ್ಟದ್ದು ನೆಟ್ಟಗೆ ಅವಳ ರಾಕೆಟ್ಟಿಗೇ ಬರುತ್ತಿತ್ತು. ಅಯ್ಯೋ, ಬಟ್ಟೆ ಕತ್ತರಿಸಿ ಕೊಡುವವಳು ನನ್ನ ಮಗಳು, ಆಕೆ ಹೊಲಿಯುವುದಷ್ಟೇ! ಟೈಲರಮ್ಮ ಸೀಟಿನ ತುದಿಗೆ ಸರಿದಳು.

ಇಪ್ಪತ್ತು, ಹತ್ತೊಂಬತ್ತು. ಇನ್ನೊಂದು ಪಾಯಿಂಟಿಗೆ ಕಪ್. ಮಗಳ ಬೆನ್ನ ಹಿಂದೆ ಬೆರಳಿನ ಬದಲು ಮುಷ್ಟಿ ಬಂತು.

“ಬೇಡ,” ಅಂದಳು ಸಿಡಿಲು.

ಮುಷ್ಟಿ ಹಾಗೇ ಇತ್ತು.

“ಬೇಡ ಕಣೇ, ಹೊರಗೆ ಹೋದ್ರೆ ಸಮ ಆಗ್ಬಿಡುತ್ತೆ!”

ಮುಷ್ಟಿ ಇನ್ನೂ ಬಿಗಿಯಾಯಿತು. ಸಿಡಿಲು ತುಟಿ ಕಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮೆಲ್ಲಗೆ ಬರುತ್ತದೆಂದು ಮುನ್ನುಗ್ಗಿದ ಎದುರಾಳಿಯ ತಲೆಯ ಮೇಲಿಂದ ಶಟಲ್ ಹಾರಿತು. ಆಕೆ ಹಿಂದಕ್ಕೆ ಬಾಗಿ ಹೇಗೋ ಎತ್ತಿಕೊಟ್ಟಳು. ಸಿಡಿಲು ಹಾರಿ ಬಡಿದಳು.

“ಏನ್ ಹೊಡೆತಾರೀ ಅದು!” ಅಂದ ಪಕ್ಕದ ಮುದುಕ.

“ಹೊಡೆಸಿದ್ದು ನನ್ ಮಗಳು,” ಅಂದಳು ಟೈಲರಮ್ಮ, ನಾಲ್ಕು ಸಾಲಿಗೆ ಕೇಳುವಂತೆ.

ಕ್ಯಾಮೆರಾಗಳೆಲ್ಲ ಸಿಡಿಲನ್ನು ಮುತ್ತಿಕೊಂಡಿದ್ದವು. ಮಗಳು ಬೆಂಚಿನ ಮೇಲೆ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದಳು. ಟೈಲರಮ್ಮ ಜನರನ್ನು ತಳ್ಳಿಕೊಂಡು ಹೋಗಿ ಮುಂದೆ ನಿಂತಳು.

“ಅವಳು ಅಷ್ಟು ಬೇಡ ಅಂದ್ರೂ ಮುಷ್ಟಿ ಬಿಡ್ಲಿಲ್ವಲ್ಲೇ ನೀನು?”

ಮಗಳು ಬೆರಗಾಗಿ ತಲೆಯೆತ್ತಿದಳು. “ಅದು ನಿನಗೆ ಕಾಣಿಸ್ತಾ?”

“ಎಲ್ಲಾ ಕಾಣಿಸ್ತು.” ಟೈಲರಮ್ಮ ಮಗಳ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಇಷ್ಟು ವರ್ಷ ನಾನೂ ಆ ಜನರ ಮಾತೇ ನಂಬಿದ್ದೆ ಕಣೇ.”

“ಗೊತ್ತಿತ್ತಮ್ಮ,” ಅಂದಳು ಮಗಳು. ಏಳು ಕಪ್ ಗೆದ್ದಾಗಲೂ ಅಳದವಳು ತಾಯಿಯ ಹೊಟ್ಟೆಗೆ ಮುಖವೊತ್ತಿ ಅತ್ತಳು.