ಬುಟ್ಟಿಗೆ ಹಾಕದ ಫೋನು

ನನ್ನ ಫೋನಿನಲ್ಲಿ ನನ್ನದಲ್ಲದ ನಲವತ್ತೊಂದು ನಿಮಿಷಗಳಿವೆ. ಹದಿಮೂರು ದಿನಗಳಿಂದ ಈ ಒಂದು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆದಿದ್ದೇನೆ. ಅಮ್ಮನ ಮಂಡಿನೋವು, ಎದುರುಮನೆಯವರ ಹೊಸ ಬೆಕ್ಕು, ಎಲ್ಲ. ಇವತ್ತು ಶುಕ್ರವಾರ ಬೆಳಿಗ್ಗೆ ಇದನ್ನೇ ಮೊದಲು ಬರೆದೆ.

ಬಹರೈನಿನ ಮುಹರಕ್‌ನ ಓಣಿಯೊಂದರಲ್ಲಿ ಉಮ್ ಜುಮಾ ಎಂಬ ಹಿರಿಯ ಹೆಂಗಸಿನ ಮನೆಯಿದೆ. ಅವರ ಪೂರ್ವಜರು ಆಫ್ರಿಕಾದಿಂದ ತಾವಾಗಿ ಬಂದವರಲ್ಲ, ಹಿಡಿದು ತರಲ್ಪಟ್ಟವರು. ಅವರ ಡೋಲು, ಕುಣಿತ ಇಂದಿಗೂ ಆ ಅಂಗಳದಲ್ಲಿ ಉಳಿದಿವೆ. ಮಂಗಳೂರಿನಲ್ಲಿ ಪದವಿ ಓದುವಾಗ ಯಲ್ಲಾಪುರದ ಸಿದ್ದಿ ಹೆಂಗಸರ ಡಮಾಮಿ ಎಂಬ ಡೋಲಿನ ಕುಣಿತ ನೋಡಿದ್ದೆ. ಹನ್ನೊಂದು ವರ್ಷ ಭರತನಾಟ್ಯ ಕಲಿತ ನನ್ನ ಕಾಲಿಗೆ ಅದರ ತಾಳದ ಲೆಕ್ಕ ಸಿಗಲಿಲ್ಲ. ಮನೆಯವರಿರುವ ಬಹರೈನ್‌ಗೆ ಮರಳಿದ ಮೇಲೆ, ಈ ಅಂಗಳದಲ್ಲಿಯೂ ಸಿಗಲಿಲ್ಲ. ಈ ಲೆಕ್ಕದ ಹಿಂದೆ ಹೋಗುವುದೇ ಇನ್ನು ನನ್ನ ಕೆಲಸ ಎಂದು ತೀರ್ಮಾನಿಸಿದೆ. ಆಫ್ರಿಕಾದಿಂದ ಚದುರಿಹೋದ ಜನರ ನೃತ್ಯಗಳನ್ನು ಕುಣಿದೂ ಓದಿಯೂ ಕಲಿಯುವ ಎರಡು ವರ್ಷದ ಕೋರ್ಸೊಂದು ಹೊರದೇಶದಲ್ಲಿದೆ. ಅದಕ್ಕೆ ನನ್ನ ಬರಹ ಕಳಿಸಲು ಈ ಭಾನುವಾರವೇ ಕೊನೆ.

ಉಮ್ ಜುಮಾರ ಮನೆಯಲ್ಲೊಂದು ನಿಯಮವಿದೆ. ಹಬ್ಬದ ಕುಣಿತವನ್ನು ಯಾರು ಬೇಕಾದರೂ ವಿಡಿಯೋ ಮಾಡಬಹುದು. ಮೈಯ ಅಥವಾ ಮನಸ್ಸಿನ ಕಾಯಿಲೆಯವರು ಗುಣವಾಗಲೆಂದು ಡೋಲು ಬಾರಿಸುವ ದಿನ ಮಾತ್ರ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕ, ಖರ್ಜೂರದ ಗರಿಯ ಬುಟ್ಟಿ ಇಟ್ಟಿರುತ್ತಾರೆ. ಫೋನುಗಳೆಲ್ಲ ಅದರೊಳಗೆ ಹೋಗಬೇಕು. ಹದಿಮೂರು ದಿನಗಳ ಹಿಂದೆ ಅಂಥದೊಂದು ದಿನ ನಾನೂ ಹಾಕಿದೆ. ಆದರೆ ಇಲ್ಲಿರುವ ನಮ್ಮವರ ಹಾಗೆ ನನ್ನ ಬಳಿಯೂ ಎರಡು ಫೋನು. ಒಂದು ಇಲ್ಲಿನ ನಂಬರಿನದು. ಇನ್ನೊಂದು ಊರಿನ ನಂಬರಿನದು, ಬ್ಯಾಂಕಿನ ಒಟಿಪಿ ಬರಲೆಂದು ಇಟ್ಟುಕೊಂಡದ್ದು. ಅಂದು ಡೋಲು ಶುರುವಾಗುವ ಮೊದಲು ಉಮ್ ಜುಮಾರ ಮಾತನ್ನು ಅವರ ಒಪ್ಪಿಗೆಯಿಂದ ರೆಕಾರ್ಡ್ ಮಾಡಿದ್ದು ಆ ಎರಡನೆಯದರಲ್ಲಿ. ನಿಲ್ಲಿಸಲು ಮರೆತು ಚೀಲಕ್ಕೆ ಹಾಕಿದ್ದೆ.

ಮರೆತದ್ದು ತಪ್ಪು. ಮನೆಗೆ ಬಂದು ಮೂರು ಸಲ ಕೇಳಿದ್ದು ಮರೆವಲ್ಲ.

ಅದರಲ್ಲಿ ಒಬ್ಬ ಹೆಂಗಸು ತೀರಿಹೋದ ಮಗುವಿನ ಹೆಸರು ಹೇಳಿ ಅಳುತ್ತಾಳೆ. ಅವಳು ಉಸಿರು ಎಳೆದುಕೊಳ್ಳುವ ತನಕ ಡೋಲು ತಡೆದು ನಿಲ್ಲುತ್ತದೆ. ಆಡಿನ ಗೊರಸುಗಳನ್ನು ಪೋಣಿಸಿದ ಸೊಂಟಪಟ್ಟಿಯ ಸದ್ದು ಅವಳ ದನಿಯ ಹಿಂದೆಯೇ ಬರುತ್ತದೆ. ಸಿಗದ ಲೆಕ್ಕ ಆಗ ಸಿಕ್ಕಿತು: ಅಲ್ಲಿ ಡೋಲು ಮನುಷ್ಯರಿಗಾಗಿ ಕಾಯುತ್ತದೆ. ಅದರ ಮೇಲೆ ಆರು ಪುಟ ಬರೆದೆ. ಇದುವರೆಗೆ ನಾನು ಬರೆದದ್ದರಲ್ಲಿ ಅವೇ ಒಳ್ಳೆಯ ಪುಟಗಳು. ಅವನ್ನು ತೆಗೆದರೆ ಉಳಿಯುವುದು ಬರೀ ಹಬ್ಬದ ವರ್ಣನೆ, ಅದನ್ನು ನೋಡಿ ಯಾರೂ ಸೀಟು ಕೊಡಲಾರರು.

ಮಧ್ಯಾಹ್ನ ಉಮ್ ಜುಮಾರ ಮನೆಗೆ ಅಣ್ಣ ರಜತ್ ಕಾರಿನಲ್ಲಿ ಬಿಡಲು ಬಂದ. ಅವನಿಗೆ ಹಿದ್ ಬಂದರಿನಲ್ಲಿ ಕೆಲಸ, ಶುಕ್ರವಾರ ರಜೆ. ಮುಹರಕ್‌ನ ಸೇತುವೆ ದಾಟುವಾಗ ಎಲ್ಲ ಹೇಳಿದೆ.

"ಇಷ್ಟಕ್ಕೆ ಹದಿಮೂರು ದಿನ ಮುಖ ಊದಿಸಿಕೊಂಡು ಕೂತದ್ದಾ? ರೆಕಾರ್ಡ್ ಡಿಲೀಟ್ ಮಾಡು, ಪುಟ ಕಳಿಸು. ಅವರಿಗೆ ಎಂತ ಗೊತ್ತಾಗ್ತದೆ ಮಾರಾಯ್ತಿ?"

"ನಂಗೆ ಗೊತ್ತುಂಟಲ್ಲ ಅಣ್ಣ."

"ಹೇಳಿದ್ರೆ ಇನ್ನು ಬಾಗಿಲೊಳಗೆ ಸೇರಿಸ್ಲಿಕ್ಕಿಲ್ಲ. ಸೀಟೂ ಹೋಯ್ತು, ಮನೆಯೂ ಹೋಯ್ತು."

"ಗೊತ್ತುಂಟು."

"ಮತ್ತೆ ಹೇಳುದು ಯಾರು? ಶವರ್ಮಾಕ್ಕೆ ಉಪ್ಪಿನಕಾಯಿ ಬೇಡ ಅಂತ ಹೇಳ್ಲಿಕ್ಕೂ ನನ್ನನ್ನೇ ಕಳಿಸುವವಳು ನೀನು."

"ಇವತ್ತು ನೀನು ಕಾರಲ್ಲೇ ಕೂತ್ಕೊ."

ಅವನು ನಗಲು ಹೊರಟವನು ನನ್ನ ಮುಖ ನೋಡಿ ಎಸಿ ಜೋರು ಮಾಡಿದ.

ಅಂಗಳದಲ್ಲಿ ಹಬ್ಬದ ಕುಣಿತದ ಅಭ್ಯಾಸ ನಡೆದಿತ್ತು. ಬುಟ್ಟಿ ಗೋಡೆಯ ಮೊಳೆಯಲ್ಲಿ ಖಾಲಿಯಾಗಿ ನೇತಾಡುತ್ತಿತ್ತು. ಉಮ್ ಜುಮಾ ನನಗೆ ಗಹ್ವಾ ಕಾಫಿ ಕೊಟ್ಟು, ಹಳೆಯ ಸಿನಿಮಾಗಳಿಂದ ಕಲಿತ ತಮ್ಮ ಹಿಂದಿಯಲ್ಲಿ, "ಬಿಂತಿ, ನನ್ನ ಮಗಳೇ, ನಾಲ್ಕು ತಿಂಗಳಿಂದ ಗೋಡೆಗೆ ಒರಗಿ ಬರೀತಾನೇ ಇದ್ದೀ. ಗೋಡೆ ಬೀಳುವುದಿಲ್ಲ, ಬಿಟ್ಟು ಬಾ" ಎಂದರು. ಅವರ ಸೊಸೆಯಂದಿರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ನನಗೆ ಬರುವುದಿಲ್ಲ ಖಾಲಾ."

"ಬರುವುದಿಲ್ಲ ಅಂತ ನನಗೂ ಗೊತ್ತು. ನೀನು ಹೆಜ್ಜೆ ಇಟ್ಟರೆ ನೆಲದ ಹತ್ತಿರ ರಜೆ ಕೇಳುವ ಹಾಗಿರುತ್ತದೆ. ಬಾ, ಈ ಮನೆಯ ಹುಡುಗಿ ನೀನು."

ಕೈ ಹಿಡಿದು ಎಳೆದರು. ನಾಲ್ಕು ತಿಂಗಳಿಂದ ಕಾದಿದ್ದ ಕರೆ ಅದು. ಕುಣಿದಾದ ಮೇಲೆ ಹೇಳಿದರಾಯಿತು ಎಂದು ಒಂದು ಮನಸ್ಸು. ಆದರೆ ಹೇಳದೆ ಆ ಸಾಲಿಗೆ ಸೇರಿದರೆ ಆ ಕುಣಿತವೂ ನನ್ನದಲ್ಲದ ನಿಮಿಷಗಳ ಜೊತೆ ಸೇರುತ್ತದೆ. ಕೈ ಬಿಡಿಸಿಕೊಂಡೆ. ಸೊಸೆಯಂದಿರ ನಗು ನಿಂತಿತು. ಗೋಡೆಯ ಬುಟ್ಟಿ ಇಳಿಸಿ ಅವರ ಮುಂದಿಟ್ಟೆ, ಚೀಲದಿಂದ ಊರಿನ ಫೋನು ತೆಗೆದು ಅದರೊಳಗೆ ಹಾಕಿದೆ.

"ಇವತ್ತು ಬೇಡ ಬಿಂತಿ, ಇವತ್ತು ಕಾಯಿಲೆಯವರು ಯಾರೂ ಇಲ್ಲ," ಎಂದರು ಉಮ್ ಜುಮಾ.

ಡೋಲಿನವನು ಕೈ ತಡೆದು ನನ್ನತ್ತ ನೋಡಿದ. ನಾನು ಉಸಿರು ಎಳೆದುಕೊಂಡೆ.

"ಖಾಲಾ, ಆ ದಿನ ಇದು ನನ್ನ ಚೀಲದಲ್ಲಿತ್ತು. ಮಗು ಕಳೆದುಕೊಂಡ ಆ ಅಮ್ಮ ಅತ್ತದ್ದೆಲ್ಲ ಇದರಲ್ಲಿದೆ. ನಾನು ಮೂರು ಸಲ ಕೇಳಿದೆ, ಅದರ ಮೇಲೆ ಆರು ಪುಟ ಬರೆದೆ, ನಿಮ್ಮನ್ನು ಕೇಳಲಿಲ್ಲ."