ಜಾಸ್ಮೀನ ಹೇಳಿದ ಬಸ್ಸು

ಗೋವಾದ ಸಾವರ್ಡೆಯಲ್ಲಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮವರ ಚಾಳಿನಲ್ಲಿ, ಊರಿಗೆ ಹೊರಡುವವರು ಮೊದಲು ಕೇಳುತ್ತಿದ್ದುದು ನನ್ನ ಮಗಳು ಜಾಸ್ಮೀನಳನ್ನು. ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ಮಕ್ಕಳಿಗೆ ಸೀಟು ಕೊಡುತ್ತಾರೋ ಇಲ್ಲವೋ. ಅವಳು ಡ್ರೈವರುಗಳಿಗೆ ಫೋನು ಮಾಡಿ ಕೇಳುತ್ತಿದ್ದಳು. ಅಷ್ಟಕ್ಕೂ ನಂಬಿಕೆ ಬಾರದಿದ್ದರೆ ಬಸ್ಸು ನಿಲ್ಲುವ ಮೀನು ಮಾರ್ಕೆಟ್ಟಿನ ಎದುರು ತಾನೇ ಹೋಗಿ ನಿಂತು, ಬಸ್ಸು ಬಂದದ್ದನ್ನು ಕಣ್ಣಾರೆ ನೋಡಿ ಬರುತ್ತಿದ್ದಳು. ಆಮೇಲೆ ಎಲ್ಲವನ್ನೂ ಒಂದು ವೆಬ್‌ಸೈಟಿಗೆ ಹಾಕಿದಳು. ನಮ್ಮ ಜನ ಮಾತಾಡುವ ಹಾಗೆಯೇ ಬರೆದಳು. ಗೋವಾದ ಯಾವ ಮೂಲೆಯಿಂದ ಯಾರು ವಿಜಯಪುರದ ಕಡೆಯ ಬಸ್ಸು ಹುಡುಕಿದರೂ ಫೋನಿನಲ್ಲಿ ಮೊದಲು ಬರುತ್ತಿದ್ದುದು ಅವಳ ಪುಟವೇ. ಟ್ರಾವೆಲ್ಸಿನವರು ಜಾಹೀರಾತು ಕೊಡುತ್ತಿದ್ದರು. ಆದರೆ ಅವಳಿಗೆ ಅದಕ್ಕಿಂತ ದೊಡ್ಡದಾಗಿದ್ದುದು ಚಾಳಿನವರ ಒಂದು ಮಾತು: "ಜಾಸ್ಮೀನ ಹೇಳ್ಯಾಳಂದ್ರ ಖರೇ."

ಹೋದ ವರ್ಷ ಹುಡುಕುವ ರೀತಿಯೇ ಬದಲಾಯಿತು. ಮೊದಲು ಕೇಳಿದರೆ ಫೋನು ಪುಟಗಳ ಹೆಸರು ತೋರಿಸುತ್ತಿತ್ತು. ಒತ್ತಿ ಒಳಗೆ ಹೋಗಿ ಓದಬೇಕಾಗಿತ್ತು. ಈಗ ಫೋನೇ ಎಲ್ಲ ಪುಟಗಳನ್ನು ಜಾಲಾಡಿ, ಉತ್ತರ ಮಾಡಿ, ಗಟ್ಟಿಯಾಗಿ ಓದಿ ಹೇಳುತ್ತದೆ. "ಜಾಸ್ಮೀನ ಬಸ್ ಮಾಹಿತಿ ಪ್ರಕಾರ" ಎಂದು ಶುರುಮಾಡಿ ಅವಳು ಬರೆದದ್ದನ್ನೇ ಹೇಳುತ್ತದೆ. ಪುಟವನ್ನು ಯಾರೂ ತೆರೆಯುವುದಿಲ್ಲ.

ಪಕ್ಕದ ಖೋಲಿಯ ದೇವಪ್ಪ, ಗೌಂಡಿ ಕೆಲಸದವನು, ಇದನ್ನು ಕಂಡು ನಗುತ್ತಿದ್ದ. "ನಿಮ್ಮ ಮಗಳು ಈಗ ಎಲ್ಲಾರ ಫೋನ್ಯಾಗ ಹೋಗಿ ಕುಂತಾಳ್ರಿ ಅಕ್ಕಾ. ಬಾಡಿಗಿ ಇಲ್ಲದ ಮನಿ!"

ಜಾಸ್ಮೀನ ಮಾತ್ರ ನಗಲಿಲ್ಲ. "ಅಮ್ಮಾ, ಒಳಗ ಯಾರೂ ಬರವಲ್ರು. ಬಾಗಲದಾಗ ನಿಂತು ಕೇಳಿ ಹೊಂಟುಬಿಡ್ತಾರ," ಎಂದಳು. ನೋಡುವವರಿಲ್ಲದ ಪುಟಕ್ಕೆ ಜಾಹೀರಾತು ಯಾರು ಕೊಡುತ್ತಾರೆ? ಟ್ರಾವೆಲ್ಸಿನವರು ಒಬ್ಬೊಬ್ಬರೇ ಬಿಟ್ಟರು. ಅವಳು ಕಲಂಗುಟ್‌ನ ಒಂದು ಹೋಟೆಲಿನಲ್ಲಿ ಬಿಲ್ಲು ಬರೆಯುವ ಕೆಲಸ ಹಿಡಿದು ಅಲ್ಲಿಯೇ ಉಳಿದಳು. ಮಾರ್ಕೆಟ್ಟಿನ ಎದುರು ಹೋಗಿ ನಿಲ್ಲುವವರು ಇಲ್ಲವಾದರು.

ಮಳೆಗಾಲದ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ದೇವಪ್ಪನ ಹೆಂಡತಿ ಸುಂದರವ್ವ ಅಳುತ್ತ ಬಂದಳು. ಸಿಂದಗಿ ಹತ್ತಿರದ ಹಳ್ಳಿಯಿಂದ ಫೋನು ಬಂದಿತ್ತು.

"ನಮ್ಮವ್ವಗ ಭಾಳ ಆಗೈತಂತ ಅಕ್ಕಾ. ನನ್ನ ಹೆಸರು ಹಿಡದು ಕರಿಯಾಕತ್ತಾಳಂತ."

"ಬಸ್ ಐತೇನವಾ?"

"ಮಧ್ಯಾಹ್ನ ಎರಡಕ್ಕ ಐತಿ. ಜಾಸ್ಮೀನ ಹೇಳ್ಯಾಳ."

ಮಗಳಿಗೆ ಫೋನು ಮಾಡಿ ಕೇಳಿರಬೇಕು ಎಂದುಕೊಂಡೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಕಳಿಸಿದೆ.

ಘಟ್ಟದ ರಸ್ತೆ ಕುಸಿದು ಆ ಬಸ್ಸು ನಿಂತು ಎಷ್ಟೋ ದಿನವಾಗಿತ್ತು. ಗಂಡ ಹೆಂಡತಿ ಮಳೆಯಲ್ಲಿ ಸಂಜೆಯವರೆಗೆ ಕಾದರು. ತಡವಾಯಿತೇನೋ ಎಂದು ಮತ್ತೆ ಮತ್ತೆ ಫೋನನ್ನೇ ಕೇಳಿದರು. ಅದು ಎರಡು ಗಂಟೆ ಎಂದೇ ಹೇಳಿತು. ಮರುದಿನ ರೈಲು ಹಿಡಿದು, ಅಲ್ಲಿಂದ ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುಂದರವ್ವ ತಾಯಿಯ ಮಣ್ಣಿಗೂ ಸಿಗಲಿಲ್ಲ.

ಅವರು ಮರಳಿ ಬಂದಾಗ ಜಾಸ್ಮೀನ ರಜೆಯ ಮೇಲೆ ಮನೆಯಲ್ಲಿದ್ದಳು. ಮಾತಾಡಿಸಲು ಹೋದಳು. ಸುಂದರವ್ವ ಜಗಳ ತೆಗೆಯಲಿಲ್ಲ. "ನೀ ಹೇಳಿದ ಜಾಗಾದಾಗ ನಿಂತಿದ್ವಿ ತಂಗಿ," ಎಂದಳು, ಅಷ್ಟೇ.

"ನಾ ಎಲ್ಲಿ ಹೇಳೇನಿ ಚಿಗವ್ವಾ? ನೀವು ನನಗ ಫೋನೇ ಮಾಡಿಲ್ಲ."

ದೇವಪ್ಪ ತನ್ನ ಫೋನು ಮುಂದೆ ಹಿಡಿದ. ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರಿತ್ತು. ಜಾಸ್ಮೀನ ಅದನ್ನು ಒತ್ತಿದಳು. ಅವಳ ಪುಟ ತೆರೆಯಿತು. ಎಲ್ಲಕ್ಕಿಂತ ಮೇಲೆ ಕೆಂಪಗೆ ಬರೆದಿದ್ದಳು: ಮಳಿಗಾಲದಾಗ ಈ ಬಸ್ ನಂಬಬ್ಯಾಡ್ರಿ, ಡ್ರೈವರಗ ಕೇಳೇ ಹೊರಡ್ರಿ. ಕೆಳಗೆ ನಂಬರೂ ಇತ್ತು.

ದೇವಪ್ಪ ಅದನ್ನು ನಿಧಾನವಾಗಿ, ಅಕ್ಷರ ಕೂಡಿಸಿ ಓದಿದ. "ಇದನ್ನ ಅದು ಯಾಕ ಹೇಳಲಿಲ್ಲ?"

ಜಾಸ್ಮೀನ ಹಿಂದಕ್ಕೆ ಹೋಗಿ ಫೋನು ಕೊಟ್ಟ ಉತ್ತರವನ್ನು ಇನ್ನೊಮ್ಮೆ ಓದಿದಳು.

"ನಮಗ ಒತ್ತಾಕ ಎಲ್ಲಿ ಬರ್ತದವಾ? ನಿನ್ನ ಹೆಸರು ಹೇಳ್ತು, ಹೋದ್ವಿ," ಎಂದ ದೇವಪ್ಪ.

ಮನೆಗೆ ಬಂದವಳೇ ಇಡೀ ಪುಟವನ್ನು ಅಳಿಸಿ ಹಾಕಿದಳು. ಅಷ್ಟು ವರ್ಷಗಳ ಕೆಲಸ. ನಾನು ತಲೆ ಸವರಲು ಹೋದರೆ ಕೈ ಸರಿಸಿದಳು. ಫೋನು ಹೇಳುವ ಉತ್ತರ ತಪ್ಪು ಎಂದು ಅದರ ಕಂಪನಿಗೆ ದೂರು ಕಳಿಸಿದಳು. ಓದಿದವರು ಯಾರೋ, ಜವಾಬು ಬರಲಿಲ್ಲ. ಅವಳು ಬರೆದದ್ದನ್ನು ಯಾರು ಯಾರೋ ತಮ್ಮ ಪುಟಗಳಿಗೆ ಎತ್ತಿ ಹಾಕಿಕೊಂಡಿದ್ದಾರಂತೆ, ಕೆಂಪು ಸಾಲೊಂದನ್ನು ಬಿಟ್ಟು. ಫೋನು ಈಗ ಅಲ್ಲಿಂದ ತೆಗೆದು ಹೇಳುತ್ತದೆ. ಹೆಸರು ಮಾತ್ರ ಅವಳದೇ.

ಚಾಳಿನಲ್ಲಿ ಈಗ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ನಲ್ಲಿಯ ಹತ್ತಿರ ಕೊನೆಯ ಖೋಲಿಯ ಮೆಹಬೂಬಿ ಒಮ್ಮೆ ನನ್ನೆದುರಿಗೇ ಅಂದಳು: "ಆಕಿ ಮಾತು ಕೇಳಿ ಸುಂದರವ್ವ ತಾಯಿ ಮಾರಿ ನೋಡಲಿಲ್ಲ." ಕೊಡ ತುಂಬುವವರೆಗೆ ನಿಂತು ಹೊತ್ತುಕೊಂಡು ಬಂದೆ. ರಜೆ ಸಿಕ್ಕರೂ ಜಾಸ್ಮೀನ ಈಗ ಮನೆಗೆ ಬರುವುದಿಲ್ಲ.

ಮೊನ್ನೆ ಮೀನು ತರಲು ಹೋಗಿದ್ದೆ. ಮಾರ್ಕೆಟ್ಟಿನ ಎದುರು ಗಂಡ, ಹೆಂಡತಿ, ತೋಳಿನಲ್ಲೊಂದು ಕೂಸು, ಚೀಲಗಳು. ನಮ್ಮ ಕಡೆಯವರೇ.

"ಎರಡರ ಬಸ್ಸಿಗೇನ್ರಿ? ಅದು ಬರೂದಿಲ್ಲ. ಮಳಿ ಹತ್ತಿದಾಗಿಂದ ಬಂದ್ ಐತಿ."

ಅವನು ಫೋನು ತೋರಿಸಿದ. "ಇದರಾಗ ಐತಲ್ರಿ ಅಕ್ಕಾ. ಜಾಸ್ಮೀನ ಅಂತ ಯಾರೋ ಬರದಾರ."

"ಆಕಿ ನನ್ನ ಮಗಳಪ್ಪಾ. ಆಕೀನ ಅದನ್ನ ತಗದ್ ಹಾಕ್ಯಾಳ. ನನ್ನ ಮಾತು ಕೇಳು, ರೈಲಿಗೆ ಹೋಗ್ರಿ."

ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ಕೇಳಿದೇನ? ಇವರ ಮಗಳೇ ಬರದಾಳಂತ. ಹಂಗಾರ ಬಂದೇ ಬರ್ತದ," ಎಂದ.

ಮಳೆ ಜೋರಾಯಿತು. ಅವಳು ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, ಅಂಗಡಿಯ ತಗಡಿನ ಪತ್ರಾಸಿನ ಕೆಳಗೆ ನನಗೂ ಜಾಗ ಬಿಟ್ಟಳು.

"ಈ ಕಡಿ ಬರ್ರಿ ಅಕ್ಕಾ, ತೊಯ್ಸಕೋತೀರಿ."