ಬೆಳ್ಳಕ್ಕನ ಬಂಗಡೆ ಸಾರು

ಸುಳ್ಳು ಹೇಳಿ ಸರಕಾರದ ಪಿಂಚಣಿ ಗಿಟ್ಟಿಸಿದವರನ್ನು ನಾನು ಕಂಡಿದ್ದೇನೆ. ಸುಳ್ಳು ಹೇಳಿ, ಬರಬೇಕಾದ ಪಿಂಚಣಿಯನ್ನು ಕಳೆದುಕೊಳ್ಳಲು ಹೊರಟವಳು ಮಾತ್ರ ನಮ್ಮ ತೆಂಗಿನಗುಂಡಿಯ ಬೆಳ್ಳಕ್ಕ ಒಬ್ಬಳೇ.

ನಾನು ಆಶಾ ಕಾರ್ಯಕರ್ತೆ. ಕೇರಿಯ ಬಸಿರು, ಬಾಣಂತನ, ಬಿಪಿ, ಶುಗರ್ ಎಲ್ಲವೂ ನನ್ನ ತಲೆಯ ಮೇಲೆ. ಬೆಳ್ಳಕ್ಕ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದವಳು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ಎರಡು ವರ್ಷದಿಂದ ಬುಟ್ಟಿ ಮೂಲೆ ಸೇರಿತ್ತು. ಗಂಡ ದೇವಣ್ಣ ಬೋಟಿನ ತಂಡೇಲ. ಇಪ್ಪತ್ತು ಜನ ಅವನ ಒಂದು ಕೂಗಿಗೆ ಬಲೆ ಬಿಡುವವರು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ಆದರೆ ಬೆಳ್ಳಕ್ಕನ ಸಂಕಟವೇ ಬೇರೆ. ಗೃಹಲಕ್ಷ್ಮಿ ಹಣ ಅತ್ತೆಯ ಹೆಸರಿಗೆ, ಅತ್ತೆ ಹೊನ್ನಾವರದ ಮಗಳ ಮನೆಯಲ್ಲಿ.

"ಒಂದು ಎಲೆಯಡಿಕೆ ಕವಳ ಹಾಕ್ಬೇಕಾದ್ರೂ ಗಂಡನ ಹತ್ರ ಕೇಳ್ಬೇಕಲೆ ಧನ್ಯಾ," ಎಂದು ಒಮ್ಮೆ ಕಣ್ಣು ತುಂಬಿಕೊಂಡಳು. "ಸೆರಗಿನ ಗಂಟಲ್ಲಿ ನಂದು ಅಂತ ಎಂತದೂ ಇಲ್ಲ."

ಅಂದೇ ನಾನು ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿಸಿದೆ. ಶೇಕಡಾ ನಲವತ್ತಾದರೂ ಊನ ಇದೆ ಎಂದು ಡಾಕ್ಟರು ಬರೆದರೆ ಪಿಂಚಣಿ, ಇಲ್ಲದಿದ್ದರೆ ಇಲ್ಲ.

ಭಟ್ಕಳದಲ್ಲಿ ತಪಾಸಣೆ ಶಿಬಿರವಿದ್ದ ದಿನ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳಿಗೆ ಪಾಠ ಮಾಡಿದೆ. "ಇದ್ದದ್ದು ಇದ್ದ ಹಾಗೆ ಹೇಳು ಬೆಳ್ಳಕ್ಕ."

"ಆತು ಮಾರಾಯ್ತಿ, ಎಷ್ಟು ಸಲ ಹೇಳ್ತೆ!"

ಇಸ್ತ್ರಿ ಅಂಗಿ ತೊಟ್ಟು, ಮೀಸೆ ತಿರುವಿಕೊಂಡು ದೇವಣ್ಣನೂ ಜೊತೆಗೆ ಬಂದಿದ್ದ.

ಡಾಕ್ಟರ್ ಸುದರ್ಶನ ಕುಮಟಾ ಕಡೆಯ ಹುಡುಗ. ಬೆಳ್ಳಕ್ಕನನ್ನು ಎದುರು ಕೂರಿಸಿಕೊಂಡು ಒಂದೊಂದೇ ಕೇಳಿದರು. "ಮನೆಯಲ್ಲಿ ಅಡುಗೆ ಯಾರಮ್ಮಾ ಮಾಡುವುದು?"

"ನಾನೇ."

"ಕಾಯಿ ತುರಿಯುವುದು?"

"ನಾನೇ."

"ಮೀನು ಕೊಯ್ಯುವುದು?"

ಬೆಳ್ಳಕ್ಕ ಒಮ್ಮೆ ಗಂಡನ ಮುಖ ನೋಡಿದಳು. "ಅದೂ ನಾನೇ."

ನನಗೆ ಬಿಪಿ ಏರಿತು. ಅಷ್ಟರಲ್ಲಿ, ಮಾವನನ್ನು ಕರೆತಂದು ಸಾಲಿನಲ್ಲಿ ನಿಂತಿದ್ದ ಪಕ್ಕದ ಮನೆಯ ಮಾದೇವಿ ಸಹಾಯಕ್ಕೆ ಧಾವಿಸಿದಳು. "ಹೌದು ಡಾಕ್ಟ್ರೆ, ಬೆಳ್ಳಕ್ಕನ ಬಂಗಡೆ ಸಾರು ಅಂದ್ರೆ ಇಡೀ ಕೇರಿ ಬಾಯಿ ಚಪ್ಪರಿಸ್ತದೆ!"

ಇಂಥ ಸಹಾಯ ಶತ್ರುವಿಗೂ ಬೇಡ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟೆಲ್ಲ ಮಾಡುವ ಕೈಗೆ ನಲವತ್ತು ಹೇಗೆ ಬರೆಯಲಿ?"

ಬೆಳ್ಳಕ್ಕ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ಹೋದಳು. ಸೆರಗು ಹಿಡಿಯಲೂ ಬೆರಳು ಬಗ್ಗಲಿಲ್ಲ. ಆಗ ನನಗೆ ಹೊಳೆಯಿತು, ಈ ಕೈ ಕಾಯಿ ತುರಿಯುವುದುಂಟೇ? ವಾರಕ್ಕೆ ಎರಡು ಸಲ ಆ ಮನೆಗೆ ಹೋಗುತ್ತೇನೆ, ಬೆರಳು ನೆಕ್ಕಿ ಉಣ್ಣುತ್ತೇನೆ, ಯಾರು ಮಾಡಿದ್ದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಅಡುಗೆ ನಾನು ಮಾಡುದು," ಎಂದ ದೇವಣ್ಣ, ಗೋಡೆಗೆ ಹೇಳುವವನಂತೆ.

ಸಾಲಿಗೆ ಸಾಲೇ ಅವನತ್ತ ತಿರುಗಿತು. ನಮ್ಮ ಬೋಟುಗಳಲ್ಲಿ ಅಡುಗೆ ಹೊಸದಾಗಿ ಸೇರಿದವನ ಪಾಲಿನ ಕೆಲಸ. ತಂಡೇಲನಾದ ಮೇಲೆ ಸೌಟು ಮುಟ್ಟಿದನೆಂದರೆ ಬಂದರಿನಲ್ಲಿ ನಗೆಪಾಟಲೇ.

"ಸ್ವಲ್ಪ ಜೋರಾಗಿ ಹೇಳಿ," ಎಂದರು ಡಾಕ್ಟರು.

"ನಾನು ಮಾಡುದು! ಎರಡು ವರ್ಷ ಆತು. ಮೀನು ಕೊಯ್ಯುದು ನಾನು, ಕಾಯಿ ತುರಿಯುದು ನಾನು, ಅವಳ ತಲೆ ಬಾಚುದೂ ನಾನು. ಯಾರಿಗೂ ಹೇಳ್ಬೇಡ ಅಂದವನೂ ನಾನೇ!"

ಡಾಕ್ಟರು ಸುಲಭಕ್ಕೆ ನಂಬುವವರಲ್ಲ. "ಪಿಂಚಣಿಗಾಗಿ ಯಾರು ಬೇಕಾದರೂ ಹೀಗೆ ಹೇಳಬಹುದು. ಸಾರು ಮಾಡುವುದು ಹೇಗೆ, ಹೇಳಿ ನೋಡೋಣ."

ದೇವಣ್ಣ ಎದೆ ಸೆಟೆಸಿದ. "ಮೆಣಸು, ಕೊತ್ತಂಬರಿ ಹುರಿದು ಕಾಯಿ ಜೊತೆ ನುಣ್ಣಗೆ ಬೀಸುದು. ಹುಳಿ ಹಾಕಿ ಕುದಿ ಬಂದ ಮೇಲೆ ಮೀನು ಬಿಡುದು. ಇಳಿಸುವಾಗ ಘಮಕ್ಕೆ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿ ಮುಚ್ಚುದು. ಆಮೇಲೆ ಸೌಟು ಆಡಿಸಿದ್ರೆ ಮೀನು ಒಡೀತದೆ."

"ಇಳಿಸುವಾಗಲಾ?" ಮಾದೇವಿ ಹಣೆ ಬಡಿದುಕೊಂಡಳು. "ಮಸಾಲೆ ಜೊತೆಗೇ ಬೀಸುದು ಅಂದಿದ್ದೆಯಲ್ಲೆ ಬೆಳ್ಳಕ್ಕ! ಅದ್ಕೇ ನಂದು ಕಹಿ ಆಗುದು!"

"ನಾ ಹೇಳಿದ್ದು ನನ್ನ ಹಳೇ ಸಾರು. ಇವ್ರದ್ದು ಬೋಟಿನ ಸಾರು. ನಂಗೆಂತ ಗೊತ್ತು?" ಎಂದು ಬೆಳ್ಳಕ್ಕ ನಕ್ಕಳು. ನಗುತ್ತಲೇ ಅತ್ತಳು.

"ಉಪ್ಪು ಮಾತ್ರ ಅವಳು ಹಾಕುದು," ದೇವಣ್ಣ ಮೆಲ್ಲಗೆ ಸೇರಿಸಿದ. "ಅದು ನಂಗೆ ಹದ ಬರುದಿಲ್ಲ."

ಡಾಕ್ಟರು ನಗು ತಡೆದುಕೊಂಡು ಬೆಳ್ಳಕ್ಕನ ಕೈಗಳನ್ನು ಹತ್ತಿರ ಎಳೆದುಕೊಂಡರು. ಒಂದೊಂದು ಗಂಟನ್ನೂ ಅಳೆದರು. ಮೇಜಿನ ಮೇಲಿನ ನಾಣ್ಯ ಎತ್ತಲು ಹೇಳಿದರು. ಮೂರು ಸಲವೂ ಅದು ಜಾರಿತು. ಆಮೇಲೆ ಪೆನ್ನು ಎತ್ತಿ ನಲವತ್ತೆಂಟು ಎಂದು ಬರೆದರು.

ಮರುದಿನದಿಂದ ಬಂದರಿನಲ್ಲಿ ಒಂದೇ ಮಾತು: "ತಂಡೇಲ್ರೆ, ಇವತ್ತು ಎಂತ ಸಾರು?" ಒಂದು ವಾರ ದೇವಣ್ಣ ಮುಖ ಕೆಂಪಗೆ ಮಾಡಿಕೊಂಡು ತಿರುಗಿದ. ಎರಡನೇ ವಾರ ಬೋಟಿನ ಅಡುಗೆಯವನನ್ನು ಹಿಡಿದು ಜುಮ್ಮನಕಾಯಿ ಎಷ್ಟು ಹಾಕಬೇಕೆಂದು ಗದರಿದ. ಅಲ್ಲಿಗೆ ನಗೆಯೂ ಮುಗಿಯಿತು.

ಪಿಂಚಣಿ ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ದಿನ ನನಗೆ ಊಟಕ್ಕೆ ಕರೆ ಬಂತು. ಬೆಳ್ಳಕ್ಕ ಸೆರಗಿನ ಗಂಟನ್ನು ಗಂಡನ ಮುಂದೆ ಹಿಡಿದಳು. ಬಿಚ್ಚಲು ಅವಳ ಬೆರಳಿಗೆ ಆಗದು, ದೇವಣ್ಣನೇ ಬಿಚ್ಚಿದ.

"ಬಂಗಡೆ ತನ್ನಿ. ಇವತ್ತಿಂದು ನನ್ನ ದುಡ್ಡಿಂದು."

ಬೋಟಿನಿಂದ ದಿನವೂ ಪುಕ್ಕಟೆ ಮೀನು ತರುವ ತಂಡೇಲ, ಅಂದು ಭಟ್ಕಳ ಪೇಟೆಗೆ ಹೋಗಿ ದುಡ್ಡು ಕೊಟ್ಟು ಬಂಗಡೆ ತಂದ.

ಸಾರು ಕುದಿಯಿತು. ಬೆಳ್ಳಕ್ಕ ಎರಡೂ ಅಂಗೈ ನಡುವೆ ಚಮಚ ಹಿಡಿದು ಉಪ್ಪು ಹಾಕಿದಳು. ಖುಷಿಯಲ್ಲಿ ಹಾಕಿದ್ದು ನೆನಪಿಲ್ಲದೆ ಇನ್ನೊಂದು ಸಲವೂ ಹಾಕಿದಳು. ನಾನು ನೋಡಿದೆ, ದೇವಣ್ಣನೂ ನೋಡಿದ.

"ಹೆಂಗಾಯ್ತು?" ಎಂದು ಕೇಳಿದಳು.

"ಲಾಯ್ಕಾಗಿದೆ," ಎಂದು ದೇವಣ್ಣ ಎರಡನೇ ಸಲ ಬಡಿಸಿಕೊಂಡ. ನಾನೂ ಬಡಿಸಿಕೊಂಡೆ.